ಹದಿನೈದು ವರ್ಷ ತುಂಬುತ್ತಿರುವ ನಿಂಜಾ 650ಆರ್: ಆರ್‌ಸಿ ನವೀಕರಿಸಿ ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ?

ಕಾತ್ರಜ್ ಇಳಿಜಾರು (ಪುಣೆ)

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನನ್ನ ಬಳಿ ಇರುವುದು 2011ರ ಕವಾಸಕಿ ನಿಂಜಾ 650ಆರ್. ಹೆಸರು ಕೇಳಿದವರು ರೇಸಿನ ಬೈಕು ಎಂದುಕೊಳ್ಳುತ್ತಾರೆ. ಆದರೆ 649 ಸಿಸಿಯ, ಎರಡು ಸಿಲಿಂಡರಿನ ಈ ಗಾಡಿ ಬೆನ್ನು ಬಾಗಿಸದೆ ಇಡೀ ದಿನ ಕುಳಿತು ಹೋಗಲಿಕ್ಕೆಂದೇ ಮಾಡಿದ ಸ್ಪೋರ್ಟ್ ಟೂರರ್ ಎಂಬುದನ್ನು ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಜಾಜ್‌ನ ಪ್ರೊಬೈಕಿಂಗ್ ಮಳಿಗೆಗಳಲ್ಲಿ ಕವಾಸಕಿ ಮಾರುತ್ತಿದ್ದ ಕಾಲದಲ್ಲಿ ಕೊಂಡದ್ದು. 2017ರ ಏಪ್ರಿಲ್‌ನಲ್ಲಿ ಆ ಎರಡು ಕಂಪನಿಗಳ ಮಾರಾಟದ ನಂಟು ಮುಗಿದಾಗ ಬಿಡಿಭಾಗಗಳ ಗತಿಯೇನು ಎಂದು ನನ್ನಂಥವರೆಲ್ಲ ಗಾಬರಿಗೊಂಡಿದ್ದೆವು. ತಡವಾದರೂ ಸಾಮಾನು ಸಿಗುತ್ತಲೇ ಬಂದಿದೆ. ಮೀಟರು ಈಗ ಅರವತ್ತು ಸಾವಿರ ಕಿ.ಮೀ. ದಾಟಿದೆ.

ಅದರಲ್ಲಿ ಬಹುಪಾಲು ಊರಿನ ರಸ್ತೆಯದು. ನಮ್ಮದು ಧಾರವಾಡ. ಖಂಬಾಟಕಿ ಘಟ್ಟ ದಾಟಿ, ಸಾತಾರಾ, ಕರಾಡ, ಕೊಲ್ಹಾಪುರ ಹಿಂದೆ ಬಿಟ್ಟು, ಕಾಗಲ್ ಬಳಿ ರಾಜ್ಯದ ಗಡಿ ದಾಟಿ, ನಿಪ್ಪಾಣಿಯ ಆಚೆ ತವಂದಿ ಘಟ್ಟ ಹತ್ತುವ ಹೊತ್ತಿಗೆ ಗಾಡಿಯೂ ನಾನೂ ಒಂದೇ ಲಯಕ್ಕೆ ಬಂದಿರುತ್ತಿದ್ದೆವು. ಕಳೆದ ಎರಡು ವರ್ಷಗಳಿಂದ ಕೆಲಸದ ಒತ್ತಡ ಮತ್ತು ಹೆದ್ದಾರಿಯ ಅಗಲೀಕರಣದ ಧೂಳು ಎರಡೂ ಸೇರಿ ಓಡಾಟ ತೀರ ಕಡಿಮೆಯಾಗಿದೆ. ಗಾಡಿ ಹೆಚ್ಚಾಗಿ ಸೊಸೈಟಿಯ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ನಿಂತಿರುತ್ತದೆ.

ಈ ನವೆಂಬರಿಗೆ ನೋಂದಣಿಯ ಹದಿನೈದು ವರ್ಷ ಮುಗಿಯುತ್ತದೆ. ಅದಕ್ಕೆ ಮೊದಲು ಒಂದು ತೀರ್ಮಾನಕ್ಕೆ ಬರಬೇಕಾಗಿದೆ. ಗಾಡಿಯ ಈಗಿನ ಸ್ಥಿತಿ ಹೀಗಿದೆ. ಬೆಳಗಿನ ತಂಪಿನಲ್ಲಿ ಸ್ಟಾರ್ಟ್ ಆಗಲು ಬಹಳ ಹೊತ್ತು ಸೆಲ್ಫ್ ತಿರುಗಿಸಬೇಕು. ಒಮ್ಮೆ ಬಿಸಿಯಾದ ಮೇಲೆ ಎಂಜಿನ್ ಮೊದಲಿಗಿಂತಲೂ ನಿಶ್ಶಬ್ದವಾಗಿ ಓಡುತ್ತದೆ, ಆದರೆ ಸಿಗ್ನಲ್ಲಿನಲ್ಲಿ ಐಡ್ಲಿಂಗ್ ಏರುಪೇರಾಗುತ್ತದೆ. ಎರಡು ವಾರ ನಿಲ್ಲಿಸಿದರೆ ಬ್ಯಾಟರಿ ಕೈ ಕೊಡುತ್ತದೆ. ವಾಟರ್ ಪಂಪಿನ ಕೆಳಭಾಗದಲ್ಲಿ ಹಸಿರು ಬಣ್ಣದ ಒಣಗಿದ ಕಲೆ ಕಾಣುತ್ತದೆ, ಕೂಲಂಟ್ ಡಬ್ಬಿಯ ಮಟ್ಟವೂ ನಿಧಾನಕ್ಕೆ ಇಳಿಯುತ್ತಿದೆ. ಮುಂದಿನ ಬ್ರೇಕಿನ ಲಿವರ್ ಮೊದಲಿಗಿಂತ ಮೆತ್ತಗಾಗಿದೆ. ನವಲೆ ಸೇತುವೆಯ ಇಳಿಜಾರಿನಲ್ಲಿ ನಿಧಾನಕ್ಕೆ ಬರುವಾಗ ಹ್ಯಾಂಡಲ್ ನಟ್ಟನಡುವೆ ಎಲ್ಲೋ ಸಿಕ್ಕಿಕೊಂಡಂತೆ ಅನಿಸುತ್ತದೆ. ಟೈರುಗಳಲ್ಲಿ ಗ್ರಿಪ್ಪಿನ ಗೆರೆಗಳು ಇನ್ನೂ ಆಳವಾಗಿಯೇ ಇವೆ.

ಗ್ಯಾರೇಜಿನವರೊಬ್ಬರು ‘ಎಂಜಿನ್ ಕೆಲಸಕ್ಕೆ ಬಂದಿದೆ, ಇಳಿಸಿಬಿಡೋಣ’ ಎಂದರು. ಇನ್ನೊಬ್ಬರು ‘ಏನೂ ಆಗಿಲ್ಲ, ಬ್ಯಾಟರಿ ಹಾಕಿಸಿ ಓಡಿಸಿ’ ಎಂದರು. ಇಬ್ಬರೂ ಒಂದೇ ಒಂದು ಸ್ಕ್ರೂ ಬಿಚ್ಚಿ ನೋಡಲಿಲ್ಲ. ಇಷ್ಟು ಹಳೆಯ ಗಾಡಿಗೆ ದುಡ್ಡು ಹಾಕುವುದು ಸರಿಯೇ, ಹಾಕುವುದಾದರೆ ಯಾವುದಕ್ಕೆ ಮೊದಲು ಹಾಕಬೇಕು, ಅಥವಾ ಗಾಡಿಯನ್ನು ಧಾರವಾಡಕ್ಕೆ ಕಳಿಸಿ ತಮ್ಮನ ಹೆಸರಿಗೆ ಮಾಡಿಬಿಡುವುದು ಲೇಸೇ ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಭೋಸರಿ ಮೈಕ್ರೋಮೀಟರ್ (ಪಿಂಪ್ರಿ-ಚಿಂಚವಡ)

ನಮಸ್ಕಾರ. ನೀವು ಲಕ್ಷಣಗಳನ್ನು ಇಷ್ಟು ಬಿಡಿಸಿ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಓಡಿ ಸವೆದದ್ದರ ಲಕ್ಷಣಗಳಲ್ಲ, ನಿಂತು ಹಳತಾದದ್ದರ ಲಕ್ಷಣಗಳು. ಅರವತ್ತು ಸಾವಿರ ಕಿ.ಮೀ. ಎಂಬುದು ಈ ಎಂಜಿನ್ನಿಗೆ ದೊಡ್ಡ ಸಂಖ್ಯೆಯಲ್ಲ. ಹದಿನೈದು ವರ್ಷ ಎಂಬುದು ಮಾತ್ರ ರಬ್ಬರಿಗೆ, ಬ್ರೇಕ್ ಆಯಿಲಿಗೆ, ವೈರಿನ ಕನೆಕ್ಟರುಗಳಿಗೆ ಬಹಳ ದೊಡ್ಡದು. ಆದ್ದರಿಂದ ಮೀಟರನ್ನು ಮರೆತು ಕ್ಯಾಲೆಂಡರನ್ನು ನೋಡಿ ಕೆಲಸ ಹಿಡಿಯಬೇಕು.

ಎಂಜಿನ್ ವಿಷಯಕ್ಕೇ ಮೊದಲು ಬರುತ್ತೇನೆ, ‘ಇಳಿಸಿಬಿಡೋಣ’ ಎಂಬ ಮಾತು ಕೇಳಿ ಸುಮ್ಮನಿರಲು ಆಗುವುದಿಲ್ಲ. ತಂಪಿನಲ್ಲಿ ಸ್ಟಾರ್ಟ್ ಆಗಲು ಕಷ್ಟ, ಐಡ್ಲಿಂಗ್ ಏರುಪೇರು, ಆದರೆ ಸದ್ದು ಮೊದಲಿಗಿಂತ ಕಡಿಮೆ: ಈ ಮೂರೂ ಸೇರಿದರೆ ನನಗೆ ಮೊದಲು ಹೊಳೆಯುವುದು ಎಕ್ಸಾಸ್ಟ್ ವಾಲ್ವುಗಳ (ಸುಟ್ಟ ಹೊಗೆ ಹೊರಬಿಡುವ ಮುಚ್ಚಳಗಳ) ಟ್ಯಾಪೆಟ್ ಬಿಗಿಯಾಗಿರುವುದು. ವಾಲ್ವು ತನ್ನ ಸೀಟಿನ ಮೇಲೆ ವರ್ಷಗಟ್ಟಲೆ ಬಡಿದು ಬಡಿದು ಕೂದಲೆಳೆಯಷ್ಟು ಒಳಕ್ಕೆ ಕೂರುತ್ತದೆ. ಅದು ಒಳಕ್ಕೆ ಕುಳಿತಷ್ಟೂ ಅದರ ದಂಡ ಮೇಲೇಳುತ್ತದೆ, ವಾಲ್ವನ್ನು ಒತ್ತಿ ತೆರೆಯುವ ಕ್ಯಾಮ್‌ಗೂ ವಾಲ್ವಿನ ತಲೆಯ ಮೇಲೆ ಟೋಪಿಯಂತೆ ಕೂರುವ ಬಕೆಟ್ಟಿಗೂ ನಡುವೆ ಇರಬೇಕಾದ ಗ್ಯಾಪ್ ಕಡಿಮೆಯಾಗುತ್ತದೆ. ಗ್ಯಾಪ್ ಕಡಿಮೆಯಾದರೆ ಟಕಟಕ ಸದ್ದೂ ಕಡಿಮೆಯಾಗುವುದು ಸಹಜ, ಹಾಗಾಗಿ ಮಾಲೀಕರು ಗಾಡಿ ಸೊಗಸಾಗಿದೆ ಎಂದು ಭಾವಿಸುತ್ತಾರೆ. ಕೊನೆಗೆ ವಾಲ್ವು ಪೂರ್ತಿ ಮುಚ್ಚದಿದ್ದರೆ ಕಂಪ್ರೆಷನ್ ಸೋರುತ್ತದೆ. ಎಕ್ಸಾಸ್ಟ್ ವಾಲ್ವು ತನ್ನ ಬಿಸಿಯನ್ನು ಬಿಟ್ಟುಕೊಡುವುದೇ ಸೀಟಿಗೆ ತಾಗಿರುವ ಹೊತ್ತಿನಲ್ಲಿ. ಆ ತಾಗುವಿಕೆಯೇ ತಪ್ಪಿದರೆ ಅಂಚು ಸುಡುತ್ತದೆ, ಆಗ ನಿಜಕ್ಕೂ ಎಂಜಿನ್ ಇಳಿಸಬೇಕಾಗುತ್ತದೆ.

ನಿಮ್ಮ ಗಾಡಿಗೆ ಇನ್‌ಟೇಕ್ ಗ್ಯಾಪ್ 0.15ರಿಂದ 0.21 ಮಿ.ಮೀ., ಎಕ್ಸಾಸ್ಟ್ ಗ್ಯಾಪ್ 0.22ರಿಂದ 0.31 ಮಿ.ಮೀ. ಒಳಗಿರಬೇಕು, ಅದೂ ಎಂಜಿನ್ ಪೂರ್ತಿ ತಣ್ಣಗಿರುವಾಗ ಅಳೆದದ್ದು. ಬೆಳಗ್ಗೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗಿ ಹನ್ನೊಂದಕ್ಕೆ ಅಳೆಸಿದರೆ ಆ ಅಂಕಿಗೆ ಅರ್ಥವಿಲ್ಲ. ಹಿಂದಿನ ರಾತ್ರಿಯೇ ಗಾಡಿಯನ್ನು ಅಲ್ಲಿ ಬಿಡಬೇಕು. ಅಳೆಯುವುದಕ್ಕೆ ಟ್ಯಾಂಕು, ಏರ್ ಬಾಕ್ಸ್, ಮೇಲಿನ ಕವರ್ ತೆಗೆದರೆ ಸಾಕು. ಗ್ಯಾಪ್ ಸರಿಪಡಿಸಬೇಕಾದರೆ ಕ್ಯಾಮ್‌ಚೈನ್ ಟೆನ್ಷನರ್ ಬಿಚ್ಚಿ, ಎರಡೂ ಕ್ಯಾಮ್‌ಶಾಫ್ಟ್ ಎತ್ತಿ, ಬಕೆಟ್ಟಿನ ಅಡಿಯಲ್ಲಿರುವ ಸಣ್ಣ ಉಕ್ಕಿನ ಬಿಲ್ಲೆ, ಅಂದರೆ ಶಿಮ್, ಬದಲಿಸಬೇಕು. ಲೆಕ್ಕ ಸುಲಭ. ಈಗಿನ ಶಿಮ್ 2.80 ಮಿ.ಮೀ. ಇದ್ದು ಗ್ಯಾಪ್ 0.15 ಬಂದಿದೆ, ನಮಗೆ 0.25 ಬೇಕು ಎಂದಿಟ್ಟುಕೊಳ್ಳಿ, ಆಗ 0.10 ತೆಳುವಾದ, ಅಂದರೆ 2.70ರ ಶಿಮ್ ಹಾಕಬೇಕು. ಶಿಮ್ ಮೇಲೆ ಅಚ್ಚಾದ ಅಂಕಿಯನ್ನು ನಂಬದೆ ಮೈಕ್ರೋಮೀಟರಿನಲ್ಲಿ ಅಳೆಯುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ. ಗ್ಯಾಪ್ ಅಳೆಯುವ ಫೀಲರ್ ಗೇಜ್ ಇಲ್ಲದೆ ಕಿವಿಯಲ್ಲೇ ಟ್ಯಾಪೆಟ್ ಹೇಳುವವರು ನಮ್ಮ ಭಾಗದಲ್ಲಿ ಬಹಳ ಜನರಿದ್ದಾರೆ. ಸ್ಪ್ಲೆಂಡರಿಗೆ ಅದು ನಡೆದೀತು, ಇದಕ್ಕೆ ನಡೆಯದು.

ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅದನ್ನು ಕಂಪನಿಯವರು ಬೇಕೆಂದೇ ಇಟ್ಟಿರುತ್ತಾರೆ. ಪಂಪಿನ ಶಾಫ್ಟಿಗೆ ನೀರಿನ ಬದಿಗೆ ಒಂದು ಸೀಲು, ಆಯಿಲಿನ ಬದಿಗೆ ಇನ್ನೊಂದು. ಯಾವುದು ಸೋತರೂ ಸೋರಿದ್ದು ಒಳಗೆ ಬೆರೆಯದೆ ಈ ತೂತಿನಿಂದ ಹೊರಬರಲಿ ಎಂಬುದು ಏರ್ಪಾಡು. ಹಸಿರು ಕಲೆ ಕಂಡಿದೆಯೆಂದರೆ ನೀರಿನ ಬದಿಯ ಸೀಲು ಮುಗಿದಿದೆ. ತೂತಿಗೆ ಎಂ-ಸೀಲ್ ಮೆತ್ತಿ ಕೊಡುವ ಮಹಾನುಭಾವರೂ ಇದ್ದಾರೆ, ಎಚ್ಚರವಿರಲಿ. ಮೆತ್ತಿದರೆ ನೀರು ಎಂಜಿನ್ ಆಯಿಲಿಗೆ ಹೋಗುತ್ತದೆ.

ಹ್ಯಾಂಡಲ್ ನಡುವೆ ಸಿಕ್ಕಿಕೊಳ್ಳುವುದು ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಸವೆದು ಗುಳಿ ಬಿದ್ದಿರುವುದರ ಗುರುತು. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲನ್ನು ಒಂದೇ ಬೆರಳಿನಲ್ಲಿ ಅತ್ತಿತ್ತ ತಿರುಗಿಸಿ ನೋಡಿ, ನೇರಕ್ಕೆ ಬಂದಾಗ ತಾನಾಗಿ ನಿಂತರೆ ಬದಲಿಸಲೇಬೇಕು. ಬಿಗಿ ಮಾಡಿ ಸರಿಹೋಗುವ ಕಾಯಿಲೆಯಲ್ಲ.

ಬ್ರೇಕಿನ ಲಿವರ್ ಮೆತ್ತಗಾದದ್ದಕ್ಕೆ ಎರಡು ಕಾರಣ ಇರಬಹುದು. ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂಬುದು ಮಾನದಂಡ, ಶೇ. 3.7ರಷ್ಟು ನೀರು ಸೇರಿದ ಮೇಲೆ ಅದೇ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಖಂಬಾಟಕಿಯಿಂದ ಇಳಿಯುವಾಗ ಹೆಂಡತಿಯೂ ಹಿಂದೆ ಕುಳಿತಿದ್ದು, ಸಾಮಾನೂ ಇದ್ದು, ಮುಂದೆ ಲಾರಿ ಇದ್ದರೆ ಆ ಎಪ್ಪತ್ತೈದು ಡಿಗ್ರಿಯ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಇನ್ನೊಂದು ಕಾರಣ ಹದಿನೈದು ವರ್ಷದ ರಬ್ಬರ್ ಹೋಸು, ಲಿವರ್ ಒತ್ತಿದಾಗ ಅದು ಉಬ್ಬುತ್ತದೆ. ಉಕ್ಕಿನ ಹೆಣಿಗೆಯ ಹೋಸು ಹಾಕಿಸಿ, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ.

ಟೈರಿನಲ್ಲಿ ಗೆರೆ ಉಳಿದಿದೆ ಎಂದು ಸಮಾಧಾನಪಡುವಂತಿಲ್ಲ. ಬದಿಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಗೆರೆ ಎಷ್ಟೇ ಇರಲಿ, ರಬ್ಬರ್ ಗಟ್ಟಿಯಾಗಿರುತ್ತದೆ, ಮೊದಲ ಮಳೆಗೆ ಜಾರುತ್ತದೆ.

ದುಡ್ಡು ಒಮ್ಮೆಲೇ ಹಾಕುವ ಹಾಗಿಲ್ಲದಿದ್ದರೆ ಟೈರು, ಬ್ರೇಕು, ಕೋನ್‌ಸೆಟ್ ಮೊದಲು. ಟ್ಯಾಪೆಟ್ ಮತ್ತು ಪಂಪಿನ ಸೀಲು ಅದರ ಬೆನ್ನಿಗೇ. ಚೈನು, ಬಣ್ಣ, ಸೀಟು ಕಾಯಬಲ್ಲವು. ಬೇರಿಂಗುಗಳಿಗೆ ಕಂಪನಿಯ ಪೊಟ್ಟಣವನ್ನೇ ಕಾಯುತ್ತ ಕೂರಬೇಕಾಗಿಲ್ಲ. ಚಕ್ರದ ಬೇರಿಂಗಿನ ಮೇಲೆ ಅಂಕಿ ಕೊರೆದಿರುತ್ತದೆ. 6204 ಎಂದರೆ ಜಗತ್ತಿನ ಯಾವ ಮೂಲೆಯಲ್ಲಾದರೂ ಒಳಗೆ 20, ಹೊರಗೆ 47, ಅಗಲ 14 ಮಿ.ಮೀ.ಯೇ. ನಿಮ್ಮದರ ಅಂಕಿ ಬರೆದುಕೊಂಡು ನಾನಾ ಪೇಠೆಗೆ ಹೋಗಿ, ಒಳ್ಳೆಯ ಕಂಪನಿಯ ಮಾಲು ಅರ್ಧ ಗಂಟೆಯಲ್ಲಿ ಕೈಗೆ ಬರುತ್ತದೆ.

ಠಾಣೆ ಸ್ಲೋ ಲೋಕಲ್ (ಮುಂಬೈ)

ಭೋಸರಿಯವರ ತಾಂತ್ರಿಕ ಮಾತುಗಳಿಗೆ ನನ್ನ ತಕರಾರಿಲ್ಲ. ಆದರೆ ಪ್ರಶ್ನೆ ‘ರಿಪೇರಿ ಹೇಗೆ’ ಎಂಬುದಕ್ಕಿಂತ ಮೊದಲು ‘ಇಟ್ಟುಕೊಳ್ಳಬೇಕೇ’ ಎಂಬುದಾಗಿತ್ತು. ನನ್ನ ಅಭಿಪ್ರಾಯ ಬೇಡ ಎಂದು.

ಕಾರಣ ಒಂದೇ, ಅದು ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಏರ್ಪಾಡು. ನಿಮ್ಮ 2011ರ ಗಾಡಿಗೆ ಎಬಿಎಸ್ ಇಲ್ಲ, ಹೊರಗಿನಿಂದ ಜೋಡಿಸಿಕೊಳ್ಳುವ ವಸ್ತುವೂ ಅದಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಪ್ರತಿಯೊಂದು ಹೊಸ ಬೈಕಿಗೂ ಎಬಿಎಸ್ ಕಡ್ಡಾಯವಾಗಿದೆ. ಎರಡು ನೂರು ಕೆ.ಜಿ. ತೂಗುವ, 72 ಪಿಎಸ್ ಶಕ್ತಿಯ ಗಾಡಿಯಲ್ಲಿ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ಮಳೆಗಾಲದ ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದ ಟ್ರ್ಯಾಕ್ಟರ್ ಬರುವ ದೇಶದಲ್ಲಿ, ಮುಂದಿನ ಚಕ್ರ ಲಾಕ್ ಆಗದಂತೆ ಬೆರಳುಗಳೇ ನೋಡಿಕೊಳ್ಳಲಿ ಎಂದು ಬಿಡುವ ವಯಸ್ಸು ನಮ್ಮದಲ್ಲ. ಹೊಸ ಹೋಸು, ಹೊಸ ಆಯಿಲ್ ಹಾಕಿದರೆ ಬ್ರೇಕು ಇನ್ನೂ ಜೋರಾಗಿ ಹಿಡಿಯುತ್ತದೆಯೇ ಹೊರತು ಲಾಕ್ ಆಗುವುದು ತಪ್ಪುವುದಿಲ್ಲ.

ಉಳಿದದ್ದು ಮುಂಬೈಯವರ ಗೋಳು, ನಿಮಗೆ ಅಷ್ಟಾಗಿ ತಾಗಲಿಕ್ಕಿಲ್ಲ. ದ್ವಿಚಕ್ರ ವಾಹನಕ್ಕೆ ಪುಣೆ ಎಕ್ಸ್‌ಪ್ರೆಸ್‌ವೇ ಇಲ್ಲ, ಬಾಂದ್ರಾ–ವರಳಿ ಸೇತುವೆ ಇಲ್ಲ, ಕೋಸ್ಟಲ್ ರೋಡ್ ಇಲ್ಲ, 2024ರಲ್ಲಿ ತೆರೆದ ಅಟಲ್ ಸೇತುವೂ ಇಲ್ಲ. ಟೂರರ್ ಕೊಂಡವನು ಊರು ಬಿಡಲಿಕ್ಕೇ ಅರ್ಧ ದಿನ ಕ್ಲಚ್ ಹಿಡಿದು ಕೂರಬೇಕು. ನನ್ನ ಹಳೆಯ ಟೂರರನ್ನು ಕೊಡಲು ಕಡೆಯ ಕಾರಣವಾದದ್ದು ಪಾರ್ಕಿಂಗಿನ ಹೆಗ್ಗಣಗಳು. ಫೇರಿಂಗ್, ಅಂದರೆ ಗಾಡಿಯ ಪ್ಲಾಸ್ಟಿಕ್ ಹೊದಿಕೆಯ ಒಳಗೆ ವೈರಿಂಗ್ ಕಡಿದು, ಒಂದೊಂದು ವೈರು ಹುಡುಕಲೆಂದು ಫೇರಿಂಗ್ ಬಿಚ್ಚಿದಾಗಲೆಲ್ಲ ಹಳೆಯ ಪ್ಲಾಸ್ಟಿಕ್ಕಿನ ಕಿವಿಗಳು ಒಂದೊಂದಾಗಿ ಮುರಿದವು. ಎಂಜಿನ್ ಸಾಮಾನು ಹೇಗೋ ಸಿಗುತ್ತದೆ, ಫೇರಿಂಗಿನ ಪ್ಯಾನೆಲ್ ಮಾತ್ರ ಸಿಗುವುದಿಲ್ಲ. ಸಿಕ್ಕರೂ ಅದರ ಬೆಲೆಗೆ ಹಳೆಯ ಸ್ಕೂಟರ್ ಬರುತ್ತದೆ.

ಕೊಡುವುದಾದರೆ ನವೆಂಬರಿಗೆ ಮೊದಲೇ ಕೊಡಿ. ಆರ್‌ಸಿ ಅವಧಿ ಮುಗಿದ ಗಾಡಿಗೆ ಕೊಳ್ಳುವವರು ಕೇಳುವ ದರವೇ ಬೇರೆ.

ಕಾತ್ರಜ್ ಇಳಿಜಾರು (ಪುಣೆ)

ಇಬ್ಬರಿಗೂ ಧನ್ಯವಾದಗಳು. ಎಬಿಎಸ್ ಮಾತನ್ನು ಮನೆಯವರಿಗೆ ಓದಿ ಹೇಳಿದೆ; ಅವರ ಮತ ಠಾಣೆಯವರ ಕಡೆಗೇ ಬಿದ್ದಿತು. ಆದರೂ ಆರೋಗ್ಯವಾಗಿರುವ ಗಾಡಿಯನ್ನು ಕಾಯಿಲೆಯ ಬೆಲೆಗೆ ಕೊಡಲು ಮನಸ್ಸಿಲ್ಲ. ಬ್ಯಾಟರಿಯ ಬಗ್ಗೆ ಯಾರೂ ಹೇಳಲಿಲ್ಲ. ಈಗಿನ ಶೇ. 20ರ ಎಥನಾಲ್ ಪೆಟ್ರೋಲು ನಿಂತ ಗಾಡಿಗೆ ಏನು ಮಾಡುತ್ತದೆ ಎಂಬುದನ್ನೂ ತಿಳಿದವರು ಹೇಳಬೇಕು.

ಝುವಾರಿ ದಂಡೆ (ವಾಸ್ಕೋ, ಗೋವಾ)

ನನ್ನದು ಹೋಂಡಾ ಸಿಬಿಆರ್ 250ಆರ್, 2012ರದು, ಎಬಿಎಸ್ ಇರುವ ಮಾದರಿ. ನಿಮ್ಮ ಗಾಡಿಯ ಮುಂದೆ ಚಿಕ್ಕದಾದರೂ ಜಾತಿ ಅದೇ. ಇದು 2020ರಲ್ಲೇ ಮಾರುಕಟ್ಟೆಯಿಂದ ಹೋಗಿದೆ. ಒಂದು ವಿಷಯದಲ್ಲಿ ಮಾತ್ರ ನಾನು ನಿಮಗಿಂತ ಸುಖಿ: ಇದರ ರಾಕರ್ ತೋಳುಗಳನ್ನು ಪಕ್ಕಕ್ಕೆ ಸರಿಸಿ ಶಿಮ್ ಬದಲಿಸಬಹುದು, ಕ್ಯಾಮ್‌ಶಾಫ್ಟ್ ಎತ್ತಬೇಕಾಗಿಲ್ಲ.

ಕಡಲ ಪಕ್ಕದಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಿಗೆ ಬ್ಯಾಟರಿಯ ಕಥೆ ಬ್ಯಾಟರಿಯಲ್ಲಿ ಶುರುವಾಗುವುದಿಲ್ಲ ಎಂಬುದು ಬೇಗ ತಿಳಿಯುತ್ತದೆ. ಇನ್ನೂರು-ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಒಂದನ್ನು ಕೊಂಡುಬಿಡಿ. ರಾತ್ರಿ ನಿಂತ ಗಾಡಿಯ ಬ್ಯಾಟರಿಯಲ್ಲಿ ಬೆಳಗ್ಗೆ 12.6 ವೋಲ್ಟ್ ಇರಬೇಕು. ಸ್ಟಾರ್ಟ್ ಮಾಡಿ ನಾಲ್ಕು ಸಾವಿರ ಆರ್‌ಪಿಎಂ ಹತ್ತಿರ ಹಿಡಿದಾಗ 14ರ ಆಸುಪಾಸು ತೋರಿಸಬೇಕು. 13ಕ್ಕಿಂತ ಕೆಳಗೇ ನಿಂತರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ಚಾರ್ಜಿಂಗನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ. ಈ ಎರಡೂ ಸ್ಥಿತಿಯಲ್ಲಿ ಹೊಸ ಬ್ಯಾಟರಿ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಅಂಕಿ ಸರಿಯಿಲ್ಲವೆಂದಾಕ್ಷಣ ರೆಗ್ಯುಲೇಟರ್ ಕೊಳ್ಳಲು ಓಡಬೇಡಿ. ಮೊದಲು ಅದರ ಕನೆಕ್ಟರನ್ನು ಬಿಚ್ಚಿ ನೋಡಿ. ನನ್ನ ಗಾಡಿಯಲ್ಲಿ ಮೂರು ಹಳದಿ ವೈರುಗಳ ಆ ಬಿಳಿಯ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ, ಒಳಗಿನ ಪಿನ್ನಿನ ಮೇಲೆ ಹಸಿರು ಕಿಲುಬು ಕುಳಿತಿತ್ತು. ಕಿಲುಬು ಬಂದಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಲ್ಲಿ ಬಿಸಿ ಏರುತ್ತದೆ, ಬಿಸಿಗೆ ಪಿನ್ನು ಸಡಿಲವಾಗಿ ತಡೆ ಮತ್ತೂ ಹೆಚ್ಚುತ್ತದೆ. ಹೊಸ ಕನೆಕ್ಟರ್ ಹಾಕಿಸಿ, ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿದ ಮೇಲೆ ಅದೇ ಹಳೆಯ ರೆಗ್ಯುಲೇಟರಿನಲ್ಲಿ ಇಂದಿಗೂ ಓಡುತ್ತಿದೆ. ಇಲ್ಲಿ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು ಮೂರು ಸಾವಿರ ಮಿ.ಮೀ. ಸುರಿಯುತ್ತದೆ, ಅದಕ್ಕೆ ಮೊದಲು ಟ್ಯಾಂಕು ಎತ್ತಿ ಕಣ್ಣಿಗೆ ಕಾಣುವ ಕನೆಕ್ಟರುಗಳನ್ನೆಲ್ಲ ಒಮ್ಮೆ ಬಿಚ್ಚಿ ಹಾಕುವುದು ನನಗೆ ಪ್ರತಿ ಮೇ ತಿಂಗಳಿನ ಕೆಲಸ. ಬ್ರೇಕ್ ಕ್ಯಾಲಿಪರಿನ ಪಿಸ್ಟನ್ನುಗಳನ್ನೂ ಆಗಲೇ ಹೊರಕ್ಕೆ ತಳ್ಳಿ ಸೋಪಿನ ನೀರಿನಲ್ಲಿ ಒರೆಸುತ್ತೇನೆ. ಉಪ್ಪುಗಾಳಿಗೆ ಅವು ಸಿಕ್ಕಿಕೊಂಡರೆ ಪ್ಯಾಡು ಡಿಸ್ಕನ್ನು ಬಿಡುವುದೇ ಇಲ್ಲ.

ಇನ್ನು ಪೆಟ್ರೋಲು. 2023ರ ಏಪ್ರಿಲ್‌ಗೆ ಮೊದಲು ತಯಾರಾದ ಗಾಡಿಗಳ ರಬ್ಬರು, ಸೀಲುಗಳನ್ನು ಶೇ. 20ರ ಎಥನಾಲನ್ನು ಲೆಕ್ಕದಲ್ಲಿಟ್ಟು ಮಾಡಿದ್ದಲ್ಲ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ, ಹಾಗಾಗಿ ಮೈಲೇಜು ಸ್ವಲ್ಪ ಇಳಿಯುವುದು ಸಹಜ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಿಜವಾದ ತೊಂದರೆ ನಿಲ್ಲಿಸಿದಾಗ. ಎಥನಾಲ್ ತೇವ ಹೀರುತ್ತದೆ, ಹೀರಿದ ನೀರು ಮಿತಿ ಮೀರಿದರೆ ಎಥನಾಲ್ ಸಮೇತ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ನಿಮ್ಮದೂ ನನ್ನದೂ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳು, ಪಂಪು ಕೂತಿರುವುದೇ ಟ್ಯಾಂಕಿನ ಒಳಗೆ, ತಳದಲ್ಲಿ. ವಾರಕ್ಕೊಮ್ಮೆ ಓಡುವ ಗಾಡಿಯಲ್ಲಿ ಪೆಟ್ರೋಲು ಹಳತಾಗುವಷ್ಟು ಹೊತ್ತು ಉಳಿಯುವುದೇ ಇಲ್ಲ. ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕು ಅರ್ಧ ಖಾಲಿ ಬಿಟ್ಟು ನಿಲ್ಲಿಸಬಾರದು. ಖಾಲಿ ಜಾಗದ ಗಾಳಿಯಲ್ಲಿರುವ ತೇವವೇ ಉಕ್ಕಿನ ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ಟ್ಯಾಂಕಿನಿಂದ ಇಂಜೆಕ್ಟರಿಗೆ ಹೋಗುವ ಹೋಸನ್ನು ಬೆರಳಿನಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡರೆ ಅಂದೇ ಬದಲಿಸಿ. ಬಿಸಿ ಎಂಜಿನ್ನಿನ ಮೇಲೆ ಒತ್ತಡದ ಪೆಟ್ರೋಲು ಸೋರುವುದು ಮೈಲೇಜಿನ ಪ್ರಶ್ನೆಯಲ್ಲ.

ಠಾಣೆಯವರ ಎಬಿಎಸ್ ಮಾತು ನನಗೆ ಒಪ್ಪಿಗೆ. ಚೋರ್ಲಾ ಘಟ್ಟದಲ್ಲಿ ಬೆಳಗಾವಿ ಕಡೆಗೆ ಹತ್ತುವಾಗ ತಿರುವಿನಲ್ಲಿ ಎಮ್ಮೆಗಳ ಹಿಂಡು ನಿಂತಿದ್ದು, ರಸ್ತೆಯ ಮೇಲೆ ತೆಳ್ಳಗೆ ಕೆಸರು ಹರಿದಿದ್ದಾಗ ಲಿವರ್ ಬೆರಳಿನ ಕೆಳಗೆ ಟರ್ ಎಂದು ನಡುಗಿತು, ಗಾಡಿ ನೆಟ್ಟಗೆ ನಿಂತಿತು. ಆದರೆ ನೀವು ಗಾಡಿಯನ್ನು ಯಾವ ಕಾಲದಲ್ಲಿ, ಯಾವ ಹೊತ್ತಿನಲ್ಲಿ ಓಡಿಸುತ್ತೀರಿ ಎಂಬುದರ ಮೇಲೆ ಅದರ ತೂಕ ಬದಲಾಗುತ್ತದೆ. ಮಳೆಗಾಲದಲ್ಲಿ ಬಸ್ಸು ಹಿಡಿಯುವವರಾದರೆ ಗಾಡಿ ಇಟ್ಟುಕೊಳ್ಳಬಹುದು. ಓಡಿಸುವುದೇ ಇಲ್ಲವಾದರೆ ಎಬಿಎಸ್ ಇದ್ದರೂ ಇಟ್ಟುಕೊಳ್ಳಬೇಡಿ.

ಸ್ವಾರಗೇಟ್ ಕಾಗದಪತ್ರ (ಪುಣೆ)

ಆರ್‌ಟಿಒ ವಿಷಯ ಉಳಿದುಹೋಗಿದೆ, ಅದಕ್ಕಷ್ಟೇ ಬರೆಯುತ್ತೇನೆ.

ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ, ನವೀಕರಣ ಐದೈದು ವರ್ಷಕ್ಕೆ. ಅರ್ಜಿ ನಮೂನೆ 25ರಲ್ಲಿ. ಅವಧಿ ಮುಗಿಯುವುದಕ್ಕೆ 60 ದಿನಗಳಿಗಿಂತ ಮುಂಚೆ ಸ್ವೀಕರಿಸುವುದಿಲ್ಲ, ಆದ್ದರಿಂದ ನೀವು ಸೆಪ್ಟೆಂಬರಿನಲ್ಲಿ ಸಿದ್ಧರಿದ್ದರೆ ಸಾಕು. 2022ರ ಏಪ್ರಿಲ್‌ನಿಂದ ದ್ವಿಚಕ್ರ ವಾಹನದ ನವೀಕರಣ ಶುಲ್ಕ 1,000 ರೂಪಾಯಿ, ತಡವಾದರೆ ತಿಂಗಳಿಗೆ 300 ರೂಪಾಯಿ ದಂಡ. ವಿದೇಶದಿಂದ ಸಿದ್ಧವಾಗಿ ಬಂದ ಬೈಕುಗಳಿಗೆ ಶುಲ್ಕ 10,000 ಇದೆ. ನಿಮ್ಮ ಮಾದರಿ ಇಲ್ಲೇ ಬಜಾಜ್ ಕಾರ್ಖಾನೆಯಲ್ಲಿ ಜೋಡಣೆಯಾದದ್ದು, ಕೌಂಟರಿನಲ್ಲಿ ಯಾರಾದರೂ ಹೆಸರು ನೋಡಿ ಗೊಂದಲ ಮಾಡಿಕೊಂಡರೆ ಆರ್‌ಸಿ ತೋರಿಸಿ. ಇದರ ಮೇಲೆ ಮಹಾರಾಷ್ಟ್ರದ ಹಸಿರು ತೆರಿಗೆ ಬೇರೆ. 2019ರ ಏಪ್ರಿಲ್‌ಗೆ ಮೊದಲಿನ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕಡ್ಡಾಯವಾಗಿರುವುದರಿಂದ ಅದನ್ನು ಹಾಕಿಸದೆ ಆ ಕಡೆ ಹೋಗಬೇಡಿ.

ತಪಾಸಣೆಗೆ ಗಾಡಿಯನ್ನೇ ಒಯ್ಯಬೇಕು. ಕಂಪನಿಯ ಸೈಲೆನ್ಸರ್ ಕಳಚಿ ಬೇರೆ ಹಾಕಿದ್ದರೆ ಹಳೆಯದನ್ನೇ ಮರಳಿ ಕೂರಿಸಿ. ಹ್ಯಾಂಡಲ್ ಕೆಳಗೆ ಫ್ರೇಮಿನ ಮೇಲಿರುವ ಚಾಸಿ ನಂಬರಿನ ಮೇಲೆ ಕೇಬಲ್ಲುಗಳು ಉಜ್ಜಿ, ಧೂಳು ಮೆತ್ತಿ, ತುಕ್ಕು ಹಿಡಿದಿರುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ ಪೆನ್ಸಿಲ್ ಅಚ್ಚು ಸ್ಪಷ್ಟವಾಗಿ ಮೂಡುವಂತೆ ಮಾಡಿಕೊಂಡು ಹೋಗಿ. ಮರಳು ಕಾಗದ ಹಾಕಿ ಉಜ್ಜಬೇಡಿ, ಅಂಕಿ ತಿದ್ದಿದ ಅನುಮಾನ ಬರುತ್ತದೆ. ವಿಮೆ ಚಾಲ್ತಿಯಲ್ಲಿರಬೇಕು, 350 ಸಿಸಿ ಮೇಲಿನ ಬೈಕಿಗೆ ಥರ್ಡ್ ಪಾರ್ಟಿ ಕಂತು 2022ರಲ್ಲಿ ನಿಗದಿಯಾದಂತೆ ವರ್ಷಕ್ಕೆ 2,804 ರೂಪಾಯಿ, ತೆರಿಗೆ ಪ್ರತ್ಯೇಕ.

ಧಾರವಾಡದ ವಿಚಾರ. ತಮ್ಮನ ಹೆಸರಿಗೆ ಮಾಡುವುದಾದರೂ ಮೊದಲು ಪುಣೆಯಲ್ಲೇ ನವೀಕರಣ ಮುಗಿಸಿ, ಆಮೇಲೆ ನಮೂನೆ 28ರಲ್ಲಿ ಎನ್‌ಒಸಿ ಪಡೆದು ಅಲ್ಲಿಗೆ ಒಯ್ಯಿರಿ. ಕರ್ನಾಟಕದಲ್ಲಿ ಹೊಸ ನಂಬರು ಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಸಿದ ದರದಲ್ಲಿ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಎಂಎಚ್ ನಂಬರಿನಲ್ಲೇ ಅಲ್ಲಿ ಓಡಿಸಬಹುದಲ್ಲ ಎಂದು ತಮ್ಮನವರು ಹೇಳಿದರೆ, ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಡುವ ಗಾಡಿಗೆ ಆ ರಾಜ್ಯದ ನಂಬರು ಬೇಕೆಂಬುದು ಮೋಟಾರು ವಾಹನ ಕಾಯಿದೆಯ 47ನೇ ಕಲಮು ಎಂದು ತಿಳಿಸಿ.

ಕಾತ್ರಜ್ ಇಳಿಜಾರು (ಪುಣೆ)

ಎಲ್ಲರ ಸಲಹೆಯಂತೆ ಕೆಲವನ್ನು ನೋಡಿದೆ. ನಿಂತ ಬ್ಯಾಟರಿ 12.3, ನಾಲ್ಕು ಸಾವಿರ ಆರ್‌ಪಿಎಂನಲ್ಲಿ 14.1. ಅಂದರೆ ಚಾರ್ಜಿಂಗ್ ಸರಿಯಿದೆ, ನಿಂತು ನಿಂತು ಬ್ಯಾಟರಿಯೇ ಸೋತಿದೆ. ಹಿಂದಿನ ಟೈರಿನ ಅಂಕಿ 4117. ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದರೆ ನೇರಕ್ಕೆ ಬಂದು ತಾನಾಗಿ ನಿಲ್ಲುತ್ತದೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಇರುವುದು ಕಡಕ್ ಚಹಾದ ಬಣ್ಣದ್ದು.

ಧಾರವಾಡಕ್ಕೆ ಕಳಿಸುವ ವಿಚಾರ ಬಿಟ್ಟಿದ್ದೇನೆ. ಎರಡು ರಾಜ್ಯಗಳ ಖರ್ಚು ಕೂಡಿಸಿದರೆ ಟೈರುಗಳ ಬೆಲೆ ಅಲ್ಲೇ ಹೋಗುತ್ತದೆ. ಟೈರು, ಹೋಸು, ಕೋನ್‌ಸೆಟ್ ಈ ತಿಂಗಳೇ ಮಾಡಿಸುತ್ತೇನೆ. ಟ್ಯಾಪೆಟ್ ಅಳತೆ ಬಂದ ಮೇಲೆ ನವೀಕರಣದ ನಿರ್ಧಾರ; ಗ್ಯಾಪ್ ಶಿಮ್ಮಿನಲ್ಲೇ ಸರಿಹೋಗುವಂತಿದ್ದರೆ ಐದು ವರ್ಷ ಇಟ್ಟುಕೊಳ್ಳುವುದು, ವಾಲ್ವು ಸುಟ್ಟಿದ್ದರೆ ಇರುವ ಸ್ಥಿತಿಯನ್ನು ಮುಚ್ಚಿಡದೆ ಹೇಳಿ ಕೊಟ್ಟುಬಿಡುವುದು. ಮನೆಯವರು ಎರಡು ಷರತ್ತು ಹಾಕಿದ್ದಾರೆ: ಮಳೆಗಾಲದಲ್ಲಿ ಹೆದ್ದಾರಿಯಿಲ್ಲ, ಕತ್ತಲಾದ ಮೇಲೆ ಘಟ್ಟವಿಲ್ಲ. ನಾನು ಒಪ್ಪಿದ್ದೇನೆ.

ಭೋಸರಿಯವರೇ, ಗ್ಯಾರೇಜಿನವರು ಒಂದೊಂದೇ ಶಿಮ್ ತರಿಸಬೇಕಾಗುತ್ತದೆ, ಅಲ್ಲಿಯವರೆಗೆ ಎಂಜಿನ್ ತೆರೆದೇ ಇರುತ್ತದೆ ಎನ್ನುತ್ತಿದ್ದಾರೆ. ನಿಮ್ಮ ಬಳಿ ಅಥವಾ ಪರಿಚಯದವರ ಬಳಿ ಬೇರೆ ಬೇರೆ ಅಳತೆಯ ಶಿಮ್ಮುಗಳಿದ್ದರೆ ದಯವಿಟ್ಟು ತಿಳಿಸಿ.

ಭೋಸರಿ ಮೈಕ್ರೋಮೀಟರ್ (ಪಿಂಪ್ರಿ-ಚಿಂಚವಡ)

ಮೊದಲು ಈಗಿರುವ ಎಂಟನ್ನೂ ತೆಗೆದು ಅಳೆಸಿ, ಯಾವ ವಾಲ್ವಿನದು ಯಾವುದು ಎಂದು ಕಾಗದದ ಮೇಲೆ ಚಿತ್ರ ಬರೆದು ಇಡಿಸಿ. ಒಂದು ವಾಲ್ವಿನಿಂದ ತೆಗೆದ ದಪ್ಪ ಶಿಮ್ ಇನ್ನೊಂದಕ್ಕೆ ಸರಿಹೊಂದುವುದು ಸಾಮಾನ್ಯ, ಹಾಗಾಗಿ ಎಂಟರಲ್ಲಿ ಕೊಳ್ಳಬೇಕಾದವು ಕೆಲವೇ ಆಗುತ್ತವೆ. ಅಳತೆಗಳನ್ನು ಇಲ್ಲಿ ಹಾಕಿ. ನನ್ನ ಡಬ್ಬಿಯಲ್ಲಿ ಹೊಂದುವವು ಇದ್ದರೆ ಬಂದು ಒಯ್ಯಿರಿ, ಇಲ್ಲದ ಅಳತೆಯವನ್ನು ಮಾತ್ರ ತರಿಸೋಣ. ಕವರಿನ ಗ್ಯಾಸ್ಕೆಟ್ ಮಾತ್ರ ಈಗಲೇ ಆರ್ಡರ್ ಮಾಡಿಡಿ. ಹದಿನೈದು ವರ್ಷದ ರಬ್ಬರು ಒಮ್ಮೆ ಎದ್ದರೆ ಮತ್ತೆ ಕೂರುವುದಿಲ್ಲ.